ಬೂದು ಬಣ್ಣದ ಪ್ಲೇಟು

ಬಾಗಿಲು ಯಾಕ ಹಾಕಿದೆ, ಆಮ್ನಾ? ತೆಗಿ. ಈ ಟೆಸ್ಟಿಂಗ್ ರೂಮಿಗೆ ಮೊದಲೇ ಗಾಳಿ ಇಲ್ಲ... ಏನಂದೆ? ಮೆತ್ತಗೆ ಮಾತಾಡಬೇಕಾ? ಯಾಕ, ಪಂಚಾಕ್ಷರಪ್ಪನವರು ನನ್ನ ವಿಷಯ ಏನಾದ್ರೂ ಕೇಳಿದ್ರಾ? ಆ ಮ್ಯಾನೇಜರ್ ಬಾಯಲ್ಲಿ 'ಗುರುಶಾಂತಮ್ಮ' ಅಂತ ಬಂದ್ರೆ ಸಾಕು, ಕೆಲಸ ಹೋಯ್ತು ಅಂತಾನೇ ನನ್ನ ಲೆಕ್ಕ.

ಅವರಲ್ವಾ? ಮತ್ತೆ?

ಓ, ಆ ಪ್ಲೇಟಾ. ಬೆಳಿಗ್ಗೆ ನಾನೇ ಟೆಸ್ಟ್ ಮಾಡಿದ್ದಲ್ಲ. ಅದಕ್ಕೇನಾಗೈತೆ? ನೀನು ಪ್ಯಾಕಿಂಗಿನವಳು, ನಿನಗೆ ಹೆಂಗೆ ಗೊತ್ತಾಗಬೇಕು. ಬ್ರೇಕ್ ಪೈಪು ದುಂಡಗಿರುತ್ತೆ, ಮಷೀನಿನ ಮೇಲೆ ಕೂರಲ್ಲ. ಅದಕ್ಕೇ ಪೈಪಿನ ಪಕ್ಕದಲ್ಲೇ ಒಂದು ಪ್ಲೇಟು ನೇತುಹಾಕಿ, ಅದಕ್ಕೂ ಅದೇ ಬಣ್ಣ ಹೊಡೆದು, ಅರೆಯೋ ಚಕ್ರದ ಕೆಳಗೆ ತಿರುಗಿಸೋದು. ಬಳೆ ಹಂಗೆ ಒಂದು ಗುರುತು ಬೀಳುತ್ತೆ. ಆ ಬಳೆಯೊಳಗೆ ಕಬ್ಬಿಣ ಕಾಣದಿದ್ರೆ ಪಾಸು. ನೋಡಿದೆ, ಪಾಸಾಗಿತ್ತು, ಸ್ಟಿಕ್ಕರ್ ಹಚ್ಚಿದೆ. ಮುಗೀತು.

ಯಾಕ ನಗ್ತೀಯ? ಬೆಳಿಗ್ಗೆ ವಾಚ್‌ಮನ್‌ಗೆ 'ನಮಸ್ಕಾರ ಸರ್' ಅಂದಿದ್ದಕ್ಕಾ? ಅವನಿಗೂ ಒಂದು ದಿನ ಮರ್ಯಾದೆ ಸಿಗಲಿ ಬಿಡು.

ನಗು ಅಲ್ವಾ ಅದು...

ನೋಡಿದೆ ಕಣೇ. ಕಣ್ಣಲ್ಲೂ ನೋಡಿದೆ, ಬೆರಳಲ್ಲೂ ನೋಡಿದೆ. ಬಣ್ಣ ಹೋದ ಜಾಗ ಬೆರಳಿಗೆ ತಣ್ಣಗೆ ತಾಗುತ್ತೆ. ಚಕ್ರದಿಂದ ಆಗಷ್ಟೇ ತೆಗೆದಿದ್ರೆ ಬಿಸಿ ಇರುತ್ತೆ, ಆಗ ಗೊತ್ತಾಗೋದು ಸ್ವಲ್ಪ ಕಷ್ಟ. ಬೆಳಿಗ್ಗೆ ಬಿಸಿ ಇತ್ತಾ... ಇದ್ದಿರಬೇಕು. ಯಾಕ ಹಿಂಗೆ ಪೊಲೀಸರ ಹಂಗೆ ಕೇಳ್ತೀಯ?

ಕಣ್ಣಿನ ಡಾಕ್ಟರಾ? ಯಾವ ಡಾಕ್ಟರು? ದಾವಣಗೆರೆಗೆ ಹೋಗಿದ್ದು ತಂಗಿ ಮನೆಗೆ ಅಂದಿದ್ನಲ್ಲ, ಆನೆಕೊಂಡಕ್ಕೆ. ಆಸ್ಪತ್ರೆ ಹತ್ರ ನನ್ನನ್ನ ಯಾರು ನೋಡಿದ್ರು? ನೀನು... ನೀನು ಬೇರೆ ಯಾರಿಗೂ ಹೇಳಿಲ್ಲ ತಾನೆ? ಹೇಳಬ್ಯಾಡ ತಾಯಿ. ಸಕ್ಕರೆ ಜಾಸ್ತಿಯಾದಾಗ ಎಲ್ಲರಿಗೂ ಒಂಚೂರು ಮಂಜು ಮಂಜಾಗುತ್ತೆ, ಇಳಿದ್ರೆ ಸರಿ ಹೋಗುತ್ತೆ. ನೋಡೋದೊಂದೇ ನನ್ನ ಕೆಲಸ ಇಲ್ಲಿ. ನಮ್ಮೋರು ಹೋದ ಮೇಲೆ ದಿನ ಬೆಳಗಾದ್ರೆ ಎದ್ದು ಬರೋಕೆ ನನಗಿರೋದು ಈ ಸ್ಟೂಲೊಂದೇ. ಇದೂ ಹೋದ್ರೆ ಹರಿಹರದಲ್ಲಿ ನನ್ನನ್ನ ಯಾರು ಕರೀತಾರೆ?

ಗೊತ್ತು, ಗೊತ್ತು. ಗಾಡಿ ಹೊಟ್ಟೆ ಕೆಳಗಿರೋ ಪೈಪು. ಜಲ್ಲಿಕಲ್ಲು ಸಿಡಿದು ಸಿಡಿದು ಬಣ್ಣ ಸವೆದ್ರೆ ತುಕ್ಕು ಹಿಡಿಯುತ್ತೆ, ತುಕ್ಕು ತೂತು ಮಾಡಿದ್ರೆ ಎಣ್ಣೆ ಸೋರುತ್ತೆ, ಎಣ್ಣೆ ಸೋರಿದ್ರೆ ಬ್ರೇಕ್ ಹಿಡಿಯಲ್ಲ. ನಿನ್ನ ಮಗಳು ಮಾಸೂಮಾ ಹೋಗೋ ಸ್ಕೂಲ್ ವ್ಯಾನಿಗೂ ಇಂಥದೇ ಪೈಪು ಹಾಕ್ತಾರೆ ಅಂತ ನೀನು ನೆನಪು ಮಾಡಬೇಕಾಗಿಲ್ಲ. ಕಣ್ಣು ಮುಚ್ಚಿದ್ರೆ ಸಾಕು, ಅದೇ ವ್ಯಾನು ನನ್ನ ಮೇಲೇ ಬರುತ್ತೆ.

ಆಯ್ತು, ಕೊಡು. ನಿನ್ನ ಸಮಾಧಾನಕ್ಕೆ ಇನ್ನೊಂದ್ಸಲ ನೋಡ್ತೀನಿ. ಕೊಡು... ಎಲ್ಲಿ? ಕೊಡೇ. ಬೆನ್ನ ಹಿಂದೆ ಬಚ್ಚಿಟ್ಕೊಂಡು ಆಟ ಆಡಬ್ಯಾಡ, ಹೊರಗೆ ಆ ಪೈಪೆಲ್ಲಾ ಲಾರಿಗೆ ಲೋಡು ಮಾಡಿ ಮುಗೀತಾ ಬಂತು... ಆಮ್ನಾ?

ಓ.

ಇಲ್ಲೇ ಹಿಡಿದಿದ್ದೀಯ. ನನ್ನ ಮುಖದ ಮುಂದೇನೇ. ಎಷ್ಟೊತ್ತಿಂದ... ಕೈ ತಾಗೋವರೆಗೂ ನಾನು...

ಬೆಳಕು ಸಾಲದು ಇಲ್ಲಿ. ಬಾಗಿಲು ಹಾಕಿದ್ದೀಯಲ್ಲ, ಅದಕ್ಕೇ. ಇಲ್ಲ... ಟ್ಯೂಬ್‌ಲೈಟು ಗುಂಯ್ ಅಂತೈತೆ. ಹತ್ತೈತೆ. ಬಣ್ಣ ಬೂದು, ಕೆಳಗಿನ ಕಬ್ಬಿಣಾನೂ ಬೂದು, ಯಾರಿಗೆ ತಾನೆ ಕಾಣುತ್ತೆ? ನೀನೇ ನೋಡಿ ಹೇಳು. ಬಳೆಯೊಳಗೆ ಬಣ್ಣ ಹೋಗಿ ಕಬ್ಬಿಣ ಕಾಣ್ತೈತಾ? ಒಂದು ಕಡೆ ಅಷ್ಟೇನಾ, ಸುತ್ತಾನಾ?

ಆಮ್ನಾ?

ಲಾರಿ ಚಾಲೂ ಆಯ್ತು. ಬೇಗ ಹೇಳು. ಕಾಣ್ತೈತೆ ಅಂದ್ರೆ ನಾನೇ ಹೋಗಿ ಅಡ್ಡ ನಿಲ್ತೀನಿ, ಪಂಚಾಕ್ಷರಪ್ಪನವರು ಏನು ಬೇಕಾದ್ರೂ ಅನ್ನಲಿ. ನನ್ನ ಕೈ ಹಿಡಿದು ಬಾಗಿಲತನಕ ಬಿಟ್ರೆ ಸಾಕು. ಹೌದಾ, ಇಲ್ವಾ? ಬಾಯಿ ಬಿಟ್ಟು ಹೇಳವ್ವಾ... ತಲೆ ಆಡಿಸಿದ್ರೆ ನನಗೆ ಕಾಣಲ್ಲ.