ಮರಳಿ ಬಂದ ಕಟ್ಟಿಗೆ

ಖಾನಾಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಕಾಲೇಜು ಹುಡುಗಿ ತನ್ನ ಅಜ್ಜಿಗೆ ಮೊಬೈಲಿನಲ್ಲಿ ಒಂದು ಗ್ರಾಫಿನ ಎರಡು ಗೆರೆ ತೋರಿಸುತ್ತಿದ್ದಳು.

“ಇದು ಇಟಲಿ, ಇದು ಜಪಾನ. ಇಷ್ಟು ವರ್ಷದಾಗ ಹೊರದೇಶದಿಂದ ಯಾರು ಎಷ್ಟು ಉರುವಲ ಕಟ್ಟಿಗಿ ತರಿಸ್ಯಾರ ಅಂತ ಹೋಲಿಸಿ ಬರೀಬೇಕು. ಇಟಲಿ ಗೆರಿ ಎಷ್ಟ ಮ್ಯಾಲ ಐತಿ ನೋಡ.”

“ಜಪಾನದ್ದು ನೆಲಕ್ಕ ಹತ್ತೇತಲ್ಲ. ಅವರೂ ನಮ್ಮಂಗ ಹೆಣಾ ಹೂಳ್ತಾರೇನು?”

“ಅಜ್ಜಿ, ಇದು ಹೆಣಾ ಸುಡಾಕಲ್ಲ. ಚಳಿಗೆ ಒಲಿ ಹಚ್ಚಾಕ.”

“ಹಂಗಾರ ಕೊರೊನಾ ವರ್ಷ ಇದರಾಗ ಎಲ್ಲೈತಿ?”

ಹುಡುಗಿ ಬೆರಳಿಟ್ಟು ತೋರಿಸಿದಳು. ಅಜ್ಜಿ ಆ ಜಾಗವನ್ನೇ ನೋಡುತ್ತ ಕುಳಿತರು.

“ಆ ವರ್ಷ ಬಾಜು ಮನಿ ಪದ್ಮಾಕರ ತೀರಿಹೋದಾಗ ಎಲ್ಲೂ ಕಟ್ಟಿಗಿ ಸಿಗಲಿಲ್ಲ. ಜೈನರು, ಸುಡಾಕ ಬೇಕು. ನಮ್ಮ ಬಚ್ಚಲ ಒಲಿಗೆ ಒಟ್ಟಿದ್ದನ್ನೆಲ್ಲಾ ಕೊಟ್ವಿ.”

“ಗೊತ್ತೈತಿ ಬಿಡ.”

“ಉಳದದ್ದನ್ನ ಅವನ ಹೆಂಡ್ತಿ ಚಂಪಾಬಾಯಿ ತಿರುಗಿ ತಂದು ಹಿತ್ತಲದಾಗ ಒಟ್ಟಿ ಹೋದ್ಲು. ಸ್ಮಶಾನಕ್ಕ ಹೋದ ಕಟ್ಟಿಗಿ ಯಾರರೆ ಮನಿಗೆ ತರ್ತಾರೇನು? ಪಾಪ, ಮಂದೀದು ಇಟ್ಕೋಬಾರದು ಅಂತ ತಂದಾಳ.”

“ಅದನ್ನ ಸುಡಾಕ ಒಲ್ಲೆ ಅಂತ ನೀ ತಣ್ಣೀರಾಗ ಜಳಕಾ ಮಾಡೂದೇನು? ಒಲಿಗೆ ಹಾಕಿ ಮುಗಿಸಬೇಕಿಲ್ಲ?”

ಬೆಳಗಾವಿ ಬಸ್ ಬಂತು. ಹುಡುಗಿ ಚೀಲ ಎತ್ತಿಕೊಂಡು, ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಬಾಗಿಲ ಹತ್ತಿರ ಅಜ್ಜಿ ಹೇಳಿದ್ದು ನನಗೆ ಕೇಳಿಸಿತು.

“ಒಂದಿನ ಅದನ್ನ ಒಲಿಗೆ ಹಾಕಿದ್ದೆ. ಹೊರಗ ಬಂದು ನೋಡಿದ್ರ, ಗ್ವಾಡಿ ಆಚೆ ಚಂಪಾಬಾಯಿ ನಮ್ಮ ಬಚ್ಚಲ ಹೊಗಿಗೆ ಕೈ ಮುಗದು ನಿಂತಿದ್ಲು.”