ಎಕ್ಸ್-ರೇ ಯಂತ್ರದ ಫ್ಯೂಸ್ ನನ್ನ ಕೈಗೆ ಬಂದ ಬಗೆ

ನಾನು, ಮಂಜುನಾಥಪ್ಪ ಬಿನ್ ಕೆರಿಯಪ್ಪ, ವಯಸ್ಸು 45 ವರ್ಷ, ಬಿ.ಎ., ಶಾಲಾ ಉಪಾಧ್ಯಾಯ, ವಾಸ ಮಂಡಗದ್ದೆ, ಯಾರೂ ಕರೆಯದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಕಳೆದ ಜೂನ್‌ನಲ್ಲಿ ನನ್ನ ಹಿರಿಯ ಮಗಳು ತುಂಗಾ, 9 ವರ್ಷ, ಇವಳ ಟಾನ್ಸಿಲ್ ಊತಕ್ಕೆ ತೀರ್ಥಹಳ್ಳಿ ಪೇಟೆಯ ಡಾಕ್ಟರ್ ಮಹಾಗಣಪತಿಯವರ ಚಿಕಿತ್ಸಾಲಯದಲ್ಲಿ ಮೂರು ಸಲ ಎಕ್ಸ್-ರೇ ಹಾಯಿಸಿದರು. ಊತ ಇಳಿಯಿತು. ಸಂತೋಷದಿಂದ ನಾನು ‘ಕತ್ತರಿ ಇಲ್ಲ, ಕಹಿ ಇಲ್ಲ, ಅಳುವ ಮಗು ಒಂದೂ ಇಲ್ಲ’ ಎಂದು ಬರೆದು ಶಾಲೆಯ ಗೋಡೆಗೆ ಅಂಟಿಸಿದೆ. ಅದನ್ನು ಓದಿ ಇನ್ನೂ 22 ಮಕ್ಕಳನ್ನು ಅವರ ಮನೆಯವರು ಅಲ್ಲಿಗೆ ಕರೆದೊಯ್ದರು. ಪ್ರಾಸ ಕಟ್ಟುವವನಿಗೆ ವೈದ್ಯ ತಿಳಿದಿರಬೇಕೆಂದು ಯಾವ ಛಂದಸ್ಸಿನಲ್ಲೂ ಹೇಳಿಲ್ಲ.

ದಿನಾಂಕ 13-2-1967, ಸೋಮವಾರ, ಬೆಳಿಗ್ಗೆ 10-20ಕ್ಕೆ ತುಂಗಾಳನ್ನು ಮತ್ತೆ ಗಂಟಲು ನೋವೆಂದು ಅಲ್ಲಿಗೆ ಕರೆದೊಯ್ದೆ. ಜೊತೆಗೆ ಕಿರಿಯವಳು ಶಾಂತಾ, 6 ವರ್ಷ. ಇವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದು ಮಗುವಿಗೆ ಕಷಾಯ ಕುದಿಸಿದರೆ ಎಲ್ಲ ಮಕ್ಕಳಿಗೂ ಒಂದೊಂದು ಚಮಚ ಕುಡಿಸುತ್ತೇವೆ. ಇದನ್ನೂ ಹಾಗೆಯೇ ಎಂದುಕೊಂಡಿದ್ದೆ.

ಡಾಕ್ಟರು, ಬಂದದ್ದೇ ಆಯ್ತಲ್ಲ, ಇಬ್ರನ್ನೂ ಕೂರಿಸಿ ಎಂದರು. ಎಂಟು ದಿನದ ಹಿಂದೆ ಕೆಲಸಕ್ಕೆ ಸೇರಿದ್ದ ನರ್ಸ್ ವನಮಾಲಾ ಅಡ್ಡ ಬಂದು, ಮೇಷ್ಟ್ರೇ, ಇದು ಮನೆಮಂದಿಗೆಲ್ಲ ಹಂಚೋ ಕಷಾಯ ಅಲ್ಲ ಎಂದರು. ಕುತ್ತಿಗೆಗೆ ಹೀಗೆ ಎಕ್ಸ್-ರೇ ಹಾಯಿಸಿಕೊಂಡ ಎಳೆಯ ಮಕ್ಕಳಲ್ಲಿ ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ ಥೈರಾಯಿಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು ಕಂಡಿದೆಯೆಂದು, ತಾವು ಹಿಂದೆ ಇದ್ದ ಆಸ್ಪತ್ರೆಯ ದೊಡ್ಡ ಡಾಕ್ಟರು ಓದಿ ಹೇಳಿದ್ದರೆಂದರು. ಡಾಕ್ಟರು ನಕ್ಕು, ಎಂತ ವನಮಾಲಾ, ಎಂಟು ದಿನಕ್ಕೇ ನೀನೇ ಡಾಕ್ಟ್ರಾದ್ಯಾ ಎಂದು ಶಾಂತಾಳ ಗದ್ದ ಎತ್ತಿ ಹಿಡಿದರು.

10-35ಕ್ಕೆ ಆಕೆ ಗೋಡೆಯಲ್ಲಿದ್ದ ಯಂತ್ರದ ಫ್ಯೂಸ್ ಕಿತ್ತು, ನಾಲ್ಕು ಅಡಿ ದೂರದಲ್ಲಿದ್ದ ನನ್ನ ಕೈಗಿಟ್ಟು, ಮಕ್ಕಳನ್ನ ಕರ್ಕೊಂಡು ಮೊದ್ಲು ಹೊರಗೆ ಹೋಗಿ ಎಂದರು. ಇಪ್ಪತ್ತೆರಡು ವರ್ಷದಿಂದ ತರಗತಿಯಲ್ಲಿ ಬೇರೆಯವರನ್ನು ಹೊರಗೆ ಕಳಿಸುತ್ತಿದ್ದ ನಾನು ಇಬ್ಬರ ಕೈ ಹಿಡಿದು ಹೊರಟೆ. ಫ್ಯೂಸನ್ನು ಬುತ್ತಿಯ ಡಬ್ಬಿಗೆ ಹಾಕಿಕೊಂಡೆ. ಆದ್ದರಿಂದ ಕಳವಾಗಿದ್ದರೆ ಕಳ್ಳ ನಾನು. ಫ್ಯೂಸ್ ಹಾಜರುಪಡಿಸಿದ್ದೇನೆ, ಅದಕ್ಕೆ ಅಂಟಿರುವ ಅಗುಳು ನಮ್ಮ ಮನೆಯದು.

10-50ಕ್ಕೆ ವನಮಾಲಾ ಬಸ್ ನಿಲ್ದಾಣಕ್ಕೆ ಬಂದರು. ತುಂಗಾಳಿಗೆ ಎಂಜಲು ನುಂಗಲು ಹೇಳಿ, ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನೋಡಿ, ಈಗ ಎಂತದೂ ಇಲ್ಲ ಎಂದರು. ಹೆದರಬೇಡಿ, ಎಲ್ಲರಿಗೂ ಬರುವುದಲ್ಲ, ಆದರೆ ವರ್ಷ ವರ್ಷವೂ ನೋಡಿಸುತ್ತಿರಿ, ಬೇಗ ಕಂಡರೆ ತೆಗೆಯಬಹುದು ಎಂದರು. ನನ್ನ ಬೆರಳುಗಳನ್ನೂ ಹಿಡಿದು ನೋಡುವ ಬಗೆ ಕಲಿಸಿದರು. ಮೂರು ಸಲ ಕಲಿಸಬೇಕಾಯಿತು.

ಈ ದಿನ ಬೆಳಿಗ್ಗೆ ಆಕೆಯನ್ನು ಫ್ಯೂಸ್ ಕಳವಾಯಿತೆಂಬ ಡಾಕ್ಟರ ದೂರಿನ ಮೇಲೆ ಠಾಣೆಗೆ ಕರೆಸಿದ್ದಾರೆಂದು ತಿಳಿದು ಬಂದೆ. ಆಕೆಯ ಮೇಲೆ ನನ್ನ ದೂರಿಲ್ಲ, ಋಣವಿದೆ. ಶನಿವಾರ ನಮ್ಮ ಶಾಲೆಗೆ ಬಂದು ಎಕ್ಸ್-ರೇ ಹಾಯಿಸಿಕೊಂಡ ಮಕ್ಕಳನ್ನೆಲ್ಲ ನೋಡುವುದಾಗಿ ಒಪ್ಪಿದ್ದಾರೆ. ಅಂದು ಆಕೆಯನ್ನು ಇಲ್ಲಿ ಕೂರಿಸಬಾರದೆಂದು ಬೇಡಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಮಕ್ಕಳ ಪಟ್ಟಿ ಲಗತ್ತಿಸಿದೆ. ಒಟ್ಟು 23 ಹೆಸರು. ಮೊದಲನೆಯದು ನನ್ನ ಮಗಳದು.

ಸ್ಥಳ: ತೀರ್ಥಹಳ್ಳಿ
ದಿನಾಂಕ: 14-2-1967
(ಸಹಿ) ಕೆ. ಮಂಜುನಾಥಪ್ಪ