ನೂರಾ ಹದಿನಾಲ್ಕನೇ ಮನೆಗೆ ಬೀಗ

ಅಂಗಿ ಕಣೇ, ಅಂಗಿ! ನೀಲಿ ಗೆರೆದು! ಅಷ್ಟೇ ಕೇಳಿದ್ದು ನಾನು, ಅದಕ್ಕೆ ಯಾಕೆ ಹಂಗೆ ನೋಡ್ತೀಯ? ಪರೀಕ್ಷೆ ಪೇಪರ್ ತಿದ್ದೋವಾಗ ಜೇಬಿನ ಮೇಲೆ ಕೆಂಪು ಮಸಿ ಚೆಲ್ಕೊಂಡಿದ್ನಲ್ಲ, ಅದು. ಎಲ್ಲಿಟ್ಟಿದ್ದೀಯ?... ಗೊತ್ತಿಲ್ವಾ? ಸರಿ ಬಿಡು, ಸಿಗದಿದ್ರೆ ಬೇಡ. ಅಂಗಿಗೇನು ಕಾಲು ಬರುತ್ತಾ, ಎಲ್ಲಾದ್ರೂ ಇರುತ್ತೆ. ನೀನು ಹೊಲಿ. ಆ ಮಷೀನಿನ ಸದ್ದಿದ್ರೇನೇ ನನಗೆ ಫಾರಂ ತುಂಬೋಕೆ ಕೈ ಓಡೋದು.

ನಾಳೆ ಹತ್ತು ಗಂಟೆಗೆ ಎಲ್ಲಾ ಒಪ್ಪಿಸಬೇಕು. ತೊಂಬತ್ತಾರರಿಂದ ನೂರಾ ಮೂವತ್ತೊಂದು... ಮೂವತ್ತಾರು ಮನೆ. ಶಾಲೇಲಿ ಹನ್ನೆರಡು ಜನ ಮೇಷ್ಟ್ರಿದೀವಿ, ಜನಗಣತಿಗೆ ಸಿಕ್ಕಿದ್ದು ನಾನು! 'ನಿಮ್ಮ ಬೀದೀನೇ ಸಾರ್, ನಿಮಗೆ ಎಲ್ಲರೂ ಗೊತ್ತು' ಅಂದ್ರು ಹೆಡ್‌ಮಾಸ್ಟರು. ಗೊತ್ತು ಅಂದ್ಕೊಂಡಿದ್ದೆ ನಾನೂನೂ. ಅಯ್ಯೋ ದೇವ್ರೇ... ಈ ಬೀದಿ ಜನ ಹೇಳೋ ಸುಳ್ಳಿದೆಯಲ್ಲ, ಬರೆಯೋ ಪೆನ್ನಿಗೇ ನಾಚಿಕೆ ಆಗ್ಬೇಕು!

ಕೇಳಿಲ್ಲಿ. ನೂರಾ ಎರಡು, ಆ ಮೂವರು ಅಣ್ಣತಮ್ಮಂದಿರು. 'ನಮ್ಮದು ಕೂಡು ಕುಟುಂಬ ಮೇಷ್ಟ್ರೇ, ಒಂದೇ ಫಾರಂ ಬರ್ಕೊಳ್ಳಿ' ಅಂತ ಎದೆ ಉಬ್ಬಿಸ್ತಾನೆ ದೊಡ್ಡೋನು. ನೋಡಪ್ಪಾ, ಒಂದು ಒಲೇಲಿ ಬೆಂದದ್ದು ತಿನ್ನೋರು ಒಂದು ಕುಟುಂಬ, ಅದು ನಿಯಮ, ಅಡುಗೆಮನೆ ತೋರಿಸು ಅಂದೆ. ತೋರಿಸಿದ. ಒಂದೇ ಅಡುಗೆಮನೆ ಕಣೇ, ಸುಳ್ಳಲ್ಲ! ಒಳಗೆ ಮೂರು ಒಲೆ, ಮೂರು ನೀರಿನ ಕೊಡ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ! ಮಧ್ಯದ ಸೊಸೆ ಉಪ್ಪಿನ ಡಬ್ಬಿಗೂ ಚಿಲಕ ಹಾಕ್ಸಿದ್ದಾಳೆ. ಹಾಗಾದ್ರೆ ಮೂರು ಫಾರಂ ಅಂದೆ. ದೊಡ್ಡೋನ ಕಣ್ಣಲ್ಲಿ ನೀರು! 'ನಮ್ಮ ಮನೆ ಒಡೀಬೇಡಿ ಮೇಷ್ಟ್ರೇ' ಅಂತಾನೆ. ನಾನು ಒಡೆದೆನಂತೆ! ಮೂರನ್ನೂ ಒಂದೇ ಪಿನ್ನಿಗೆ ಚುಚ್ಚಿ, ಒಂದು ಮನೆ ಅಂತ ಇಟ್ಟಿದೀನಿ.

ನಗ್ತೀಯಾ? ಇರು, ಇನ್ನೂ ಇದೆ. ನೂರಾ ಐದು, ಹಲ್ಲಿನ ಡಾಕ್ಟರ ಹೆಂಡತಿ. ವಯಸ್ಸೆಷ್ಟಮ್ಮಾ? ಮೂವತ್ತೆಂಟು. ಮಗಳ ವಯಸ್ಸು? ಇಪ್ಪತ್ತೇಳು. ನಾನು ಲೆಕ್ಕದ ಮೇಷ್ಟ್ರು ಕಣೇ! ಪೆನ್ನು ಕೆಳಗಿಟ್ಟು ಸುಮ್ನೆ ಮುಖ ನೋಡಿದೆ. ಆಕೆ ಸ್ವಲ್ಪ ಯೋಚನೆ ಮಾಡಿ... ಏನು ಮಾಡಿದ್ರು ಹೇಳು? ಮಗಳನ್ನ ಹದಿನೆಂಟಕ್ಕೆ ಇಳಿಸಿಬಿಟ್ರು! ಒಳಗಿಂದ ಮಗಳು ಕೂಗಿದ್ಳು, 'ಅಮ್ಮಾ, ನನ್ನ ಮಗೂಗೇ ಆರು ವರ್ಷ!' ಅಂತ. ಬಾಗಿಲು ದಾಟೋವರೆಗೆ ನಗು ತಡ್ಕೊಳ್ಳೋಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಆಮೇಲೆ ಆ ನೂರಾ ಹತ್ತು. ಹೆಂಡತಿ ಏನು ಕೆಲಸ ಮಾಡ್ತಾರೆ ಅಂದ್ರೆ, 'ಏನಿಲ್ಲ, ಸುಮ್ನೆ ಮನೇಲಿದ್ದಾಳೆ' ಅಂತಾನೆ ಮಹಾರಾಯ. ಹಿಂದುಗಡೆ ನಡುಮನೇಲಿ ಇಪ್ಪತ್ತು ಮಕ್ಕಳನ್ನ ಕೂರಿಸ್ಕೊಂಡು ಆಯಮ್ಮ ಪಾಠ ಹೇಳ್ತಿದ್ದಾರೆ! ಅವರ ದನಿಗೆ ಇವನ ಮಾತು ನನಗೆ ಕೇಳಿಸ್ಲಿಲ್ಲ, ಎರಡು ಸಲ ಕೇಳ್ಬೇಕಾಯ್ತು. ಬಿಡ್ಲಿಲ್ಲ ನಾನು. ಚೆನ್ನಾಗಿ ಉಗಿದೆ. ಹೆಂಗಸರ ಪ್ರಶ್ನೆ ಹೆಂಗಸರನ್ನೇ ಕೇಳ್ಬೇಕು, ನೀನ್ಯಾರಯ್ಯ ಉತ್ತರ ಹೇಳೋಕೆ ಅಂದೆ. ಹೂಂ, ಅಂದೆ! ನಿನ್ನ ಗಂಡನನ್ನ ಏನಂದ್ಕೊಂಡಿದ್ದೀಯ?

ಆಯ್ತು, ಜೋಡಿಸೋಣ. ನೂರಾ ಹನ್ನೊಂದು, ಎಂಟು ಜನ. ನೂರಾ ಹನ್ನೆರಡು, ಬಡಗಿ, ನಾಲ್ಕು. ನೂರಾ ಹದಿಮೂರು, ನಿವೃತ್ತ ಪೋಸ್ಟ್‌ಮ್ಯಾನ್, ಒಬ್ಬರೇ... ಪಾಪ, ಇನ್ನೂ ನಾಲ್ಕು ಪ್ರಶ್ನೆ ಕೇಳಿ ಅಂತ ಗೋಗರೆದ್ರು. ನೂರಾ ಹದಿನೈದು, ಹೊಸದಾಗಿ ಮದ್ವೆ ಆದೋರು, ಎರಡು. ನೂರಾ ಹದಿನಾರು...

ಏನು? ಯಾಕೆ ಮಷೀನ್ ನಿಲ್ಲಿಸ್ದೆ? ದಾರ ತುಂಡಾಯ್ತಾ?

ಹದಿನಾಲ್ಕಾ? ಬೀಗ. ಬೀಗ ಹಾಕಿತ್ತು. ಎರಡು ಸಲ ಹೋದೆ, ಮೂರು ಸಲ ಹೋದೆ, ಬೀಗ. ಯಾರೋ ಬಾಡಿಗೆಯೋರಂತೆ, ಯಾರಿಗೆ ಗೊತ್ತು. ಬೀಗ ಇದ್ರೆ ಪಟ್ಟೀಲಿ 'ಬೀಗ' ಅಂತ ಬರ್ಯೋದು, ಫಾರಂ ಇಲ್ಲ, ಅಷ್ಟೇ. ಬೀದಿ ತಿರುವಿನಾಚೆ ಮೂಲೆಮನೆ ಅದು, ಆ ಕಡೆ ನಾನು ಹೋಗೋದಾದ್ರೂ ಎಲ್ಲಿ... ನೀನು ಹೋಗ್ತೀಯಲ್ಲ, ಮಂಗಳವಾರ ಶುಕ್ರವಾರ, ಹೊಲಿದ ಬಟ್ಟೆ ಕೊಡೋಕೆ. ನೀನು ಯಾರನ್ನಾದ್ರೂ ನೋಡಿದ್ದೀಯಾ ಅಲ್ಲಿ?

ಸರಿ, ಬಿಡು. ಹೊಲಿ, ಹೊಲಿ.

ಇನ್ನು ಉಳಿದಿದ್ದು ನಮ್ಮದೇ ಮನೆ. ನೂರಾ ಮೂವತ್ತೊಂದು. ಊರ ಜನರನ್ನೆಲ್ಲ ಎಣಿಸಿ ನನ್ನನ್ನ ನಾನೇ ಮರೆತ್ರೆ! ಮನೆಯ ಯಜಮಾನರು... ನಾನು. ಯಾಕೆ ಕೆಮ್ಮಿದೆ? ಧೂಳಾ? ಹೂಂ, ಧೂಳೇ ಇರ್ಬೇಕು. ವಯಸ್ಸು ಐವತ್ತೈದು. ಉಪಾಧ್ಯಾಯ. ಆಮೇಲೆ ಅಮ್ಮ. ಅಮ್ಮಾ! ನಿನ್ನ ವಯಸ್ಸೆಷ್ಟು? ವಯಸ್ಸು!... ಊಟ ಆಯ್ತಾ ಅಂತ ಕೇಳ್ತಿಲ್ಲಮ್ಮಾ, ವಯಸ್ಸು! ಆಯ್ತು, ಎಪ್ಪತ್ತೆಂಟು ಅಂತ ಬರೀತೀನಿ, ಬೇಡ ಅನ್ನೋರು ಯಾರು.

ನೀನು. ಯಜಮಾನರೊಂದಿಗೆ ಸಂಬಂಧ, ಹೆಂಡತಿ. ವಯಸ್ಸು ನಲವತ್ತೊಂಬತ್ತು. ಉದ್ಯೋಗ... ಇಲ್ಲ.

ಏನೇ? ಮತ್ತೆ ಯಾಕೆ ನಿಲ್ಲಿಸ್ದೆ? ಹೊಲಿಗೇನಾ? ಅದನ್ನ ಉದ್ಯೋಗ ಅಂತ ಯಾರಾದ್ರೂ... ಮನೇಲಿ ಬಿಡುವಾದಾಗ ಅಲ್ಪಸ್ವಲ್ಪ... ಹಂಗೆ ನೋಡ್ಬೇಡ್ವೇ. ಆ ನೂರಾ ಹತ್ತರೋನನ್ನ ನಾನೂ ಹಿಂಗೇ ನೋಡಿದ್ದೆ. ಆಯ್ತು, ಆಯ್ತು! ಹೊಡೆದು ಹಾಕಿದೆ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ದರ್ಜಿ. ಸಮಾಧಾನವಾ? ನೋಡು, ಎಷ್ಟು ಬೇಗ ಒಪ್ಕೊಂಡೆ. ನಾನು ಕೆಟ್ಟೋನಲ್ಲ ಕಣೇ.

ಮುಂದಿನದು... ಹೆತ್ತ ಮಕ್ಕಳು. ಒಂದು.

ಅದರ ಪಕ್ಕದ ಕಾಲಂ ಬಿಡು. ಖಾಲಿ ಇರ್ಲಿ. ಎಷ್ಟೋ ಜನ ಬಿಟ್ಟಿರ್ತಾರೆ, ಯಾರು ನೋಡ್ತಾರೆ.

ಗೊತ್ತು, ನಾನೇ ಹೇಳಿದ್ದು, ಖಾಲಿ ಬಿಡೋ ಹಾಗಿಲ್ಲ ಅಂತ. ಮೂವತ್ತೈದು ಮನೇಲೂ ಹೇಳಿದೀನಿ. ಗೆರೆ ಎಳೆಯೋ ಹಾಗಿಲ್ಲ, 'ಅನ್ವಯಿಸುವುದಿಲ್ಲ' ಅನ್ನೋ ಹಾಗಿಲ್ಲ. ಬದುಕಿರುವ ಮಕ್ಕಳು ಎಷ್ಟು? ಇದ್ರೆ ಅಂಕಿ, ಇಲ್ಲದಿದ್ರೆ ಸೊನ್ನೆ. ಈ ಕಾಲಂ ಮಾಡಿದ ಪುಣ್ಯಾತ್ಮ ಯಾರೋ, ಅವನ ಮನೇಲಿ ಜಗಳ ಆಗಿರೋದಿಲ್ವಾ? ಮುನಿಸು ಅನ್ನೋದಕ್ಕೆ ಒಂದು ಕಾಲಂ ಬೇಡ್ವಾ? ಸತ್ತೋರು, ಬದುಕಿರೋರು, ಎರಡೇನಾ ಇರೋದು?

ಹೂಂ, ನಾನೇ ಅಂದಿದ್ದು. ನಾಲ್ಕು ವರ್ಷದ ಹಿಂದೆ, ಇದೇ ಕೋಣೇಲಿ, ಅಲ್ಲಿ ನಿಂತ್ಕೊಂಡು. 'ನನ್ನ ಪಾಲಿಗೆ ಅವಳು ಸತ್ತಳು' ಅಂತ. ಅಂದಿದ್ದು ಅಂದಿದ್ದೇ. ಮತ್ತೇನು ಮಾಡ್ಬೇಕಿತ್ತು? ನಾನು ಮೂರು ಸಲ ಫೇಲು ಮಾಡಿದ ಹುಡುಗನ್ನ ಕಟ್ಕೊಂಡು ಬಂದು, 'ಅಪ್ಪಾ, ಇವರೇ' ಅಂತ ನಿಲ್ಲಿಸಿದ್ರೆ! ಲೆಕ್ಕದಲ್ಲಿ ಫೇಲು ಕಣೇ! ಇಡೀ ಸ್ಟಾಫ್ ರೂಮಿನಲ್ಲಿ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ? ಬೇಕರೀಲಿ ಬ್ರೆಡ್ಡು ಸುಡೋನು ಲೆಕ್ಕದ ಮೇಷ್ಟ್ರಿಗೆ ಅಳಿಯ!

ಮಷೀನ್ ಓಡಿಸೇ.

ಓಡಿಸೇ, ಈ ಸದ್ದಿಲ್ಲದಿದ್ರೆ ನನಗೆ ಆಗೋದಿಲ್ಲ. ಏನಾದ್ರೂ ಹೇಳು. ಬೈಯಾದ್ರೂ ಬೈ. ನಾಲ್ಕು ವರ್ಷದಿಂದ ನೀನು ಒಂದೇ ಒಂದು ಸಲ ಬೈದಿಲ್ಲ ನನ್ನ...

ಯಾಕೆ ನನ್ನ ಚೀಲದ ಫಾರಂ ಎಣಿಸ್ತೀಯ? ಇಡು ಅಲ್ಲಿ. ಸರ್ಕಾರಿ ಕಾಗದ ಅದು, ಗುಟ್ಟಾಗಿರ್ಬೇಕು. ಇಡೇ...

ಹೂಂ. ಮೂವತ್ತೈದು ಮನೆ. ಇದೊಂದು ಸೇರಿದ್ರೆ ಮೂವತ್ತಾರು. ಒಂದು ಬೀಗ ಅಂದಮೇಲೆ ಒಟ್ಟು ಮೂವತ್ತೈದೇ ಇರ್ಬೇಕಿತ್ತು. ನೀನೂ ಲೆಕ್ಕದಲ್ಲಿ ಹುಷಾರೇ.

ಬೀಗ ಇರ್ಲಿಲ್ಲ ಕಣೇ.

ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತಟ್ಟಿದೆ. ತೆಗೆದಳು. ನಿನ್ನ ಮಗಳು... ನಮ್ಮ ಮಗಳು. ಕೈಯೆಲ್ಲ ಹಿಟ್ಟು. ಅಪ್ಪಾ ಅಂತಾಳೇನೋ ಅಂತ ಕಾದೆ. 'ಬನ್ನಿ ಮೇಷ್ಟ್ರೇ, ಗಣತಿನಾ?' ಅಂತ ಕುರ್ಚಿ ಹಾಕಿದ್ಳು. ನಾನು ಕೂತೆ. ನಾನೇನು ಮಾಡ್ದೆ ಗೊತ್ತಾ? 'ಮನೆಯ ಯಜಮಾನರ ಹೆಸರು?' ಅಂತ ಶುರು ಮಾಡ್ಕೊಂಡೆ! ನಾಲ್ಕು ವರ್ಷ ಆದ್ಮೇಲೆ ಮಗಳ ಮುಖ ನೋಡಿ ಬಾಯಿಂದ ಬಂದ ಮೊದಲನೇ ಮಾತು!

ಅವಳೂ ಹಾಗೇ ಹೇಳ್ತಾ ಹೋದ್ಳು. ಎರಡು ಕೋಣೆ. ಕಿಟಕಿ ಒಂದು. ಯಜಮಾನರ ಓದು? 'ಒಂಬತ್ತನೇ ತರಗತಿ ಪೂರ್ತಿ ಆಗಿಲ್ಲ ಮೇಷ್ಟ್ರೇ, ಲೆಕ್ಕದಲ್ಲಿ ಎರಡು ಅಂಕ ಕಮ್ಮಿ.' ನನ್ನ ಕೈಯಾರೆ ಬರೆದೆ. ಎರಡು ಅಂಕ! ನಾನು ಹಾಕಿದ್ರೆ ಹಾಕಬಹುದಿತ್ತು... ಇಲ್ಲ, ಹಾಕೋ ಹಾಗಿರ್ಲಿಲ್ಲ, ಉತ್ತರ ತಪ್ಪೇ. ಆದ್ರೂ. ಈಗ ಅವನು ದಿನಾ ನಾನೂರು ಬ್ರೆಡ್ಡು ಅಳತೆ ಮಾಡಿ ಒಲೆಗಿಡ್ತಾನಂತೆ, ಒಂದೂ ಹೆಚ್ಚುಕಮ್ಮಿ ಇಲ್ವಂತೆ.

ಆಮೇಲೆ ಮಕ್ಕಳು ಅಂದೆ. ಒಳಗಿಂದ ಪುಟಪುಟ ಅಂತ ಬಂತು. ಎರಡು ವರ್ಷ ಮೂರು ತಿಂಗಳು. ಹೆಣ್ಣು. ನನ್ನ ಮೊಣಕಾಲು ಹಿಡ್ಕೊಂಡು, ಕೊರಳಲ್ಲಿ ನೇತಾಡ್ತಿದ್ದ ಗುರುತಿನ ಚೀಟಿ ಬಾಯಿಗೆ ಹಾಕ್ಕೊಂಡ್ತು. ಹೆಸರು ಅಂದೆ. ಅಮ್ಮನ ಹೆಸರು ಕಣೇ! ನಮ್ಮಮ್ಮನ ಹೆಸರಿಟ್ಟಿದ್ದಾಳೆ. ಮೂರಕ್ಷರ ಬರೆಯೋಕೆ ನನಗೆ ಮೂರು ನಿಮಿಷ ಬೇಕಾಯ್ತು.

ಮತ್ತೆ ಆ ಮಗೂ ಹಾಕ್ಕೊಂಡಿದ್ದ ಫ್ರಾಕು... ನೀಲಿ ಗೆರೆದು. ಹೊಟ್ಟೆ ಮೇಲೆ ಒಂದು ಜೇಬು. ಜೇಬಿನ ಮೇಲೆ ಕೆಂಪು ಮಸಿ.

ಈಗ ಯಾಕೆ ತಲೆ ತಗ್ಗಿಸ್ತೀಯ? ಬಂದಾಗಿನಿಂದ ಅಂಗಿ ಎಲ್ಲಿ, ಅಂಗಿ ಎಲ್ಲಿ ಅಂತ ಯಾಕೆ ಕೇಳ್ತಿದ್ದೆ ಅಂದ್ಕೊಂಡೆ? ನೀನಾಗಿ ಹೇಳ್ತೀಯೇನೋ ಅಂತ ಕಾದೆ. ಎಂಟು ತಿಂಗಳಾಯ್ತಂತೆ ಅವರು ಈ ಬೀದಿಗೆ ಬಂದು. ಮಂಗಳವಾರ, ಶುಕ್ರವಾರ! ಹೊಲಿದ ಬಟ್ಟೆ ಕೊಡೋದು! ನನ್ನ ಕಣ್ಣಿಗೆ ಮಣ್ಣೆರಚಿ... ಅಮ್ಮನಿಗೂ ಗೊತ್ತಾ? ಅಮ್ಮಾ, ನಿನಗೂ ಗೊತ್ತಾ? ನೋಡು, ಇದು ಮಾತ್ರ ಕಿವಿಗೆ ಕೇಳಿಸ್ತು, ಹೆಂಗೆ ನಗ್ತಾಳೆ! ಆ ಪೋಸ್ಟ್‌ಮ್ಯಾನ್‌ಗೂ ಗೊತ್ತಿರ್ಬೇಕು, ಪಕ್ಕದ ಮನೆ. ಅದಕ್ಕೇ ನನ್ನನ್ನ ಬಿಡದೆ ಕೂರಿಸ್ಕೊಂಡಿದ್ರು. ಇಡೀ ಬೀದಿಗೆ ಗೊತ್ತು. ಬೀದಿಯ ಜನರನ್ನೆಲ್ಲ ಎಣಿಸ್ತೀನಿ ಅಂತ ಹೊರಟ ನನಗೊಬ್ಬನಿಗೆ ಗೊತ್ತಿಲ್ಲ!

ಕೋಪಾನಾ? ಬಂದಿತ್ತು. ದಾರಿಯುದ್ದಕ್ಕೂ ಬಂದಿತ್ತು. ಆದ್ರೆ ಆ ಫ್ರಾಕಿನ ಹೊಲಿಗೆ ಎಷ್ಟು ಚೆನ್ನಾಗಿತ್ತೇ... ಗೆರೆ ಗೆರೆ ಕೂಡಿಸಿದ್ದೀಯ. ನನ್ನ ಅಂಗಿಗೆ ಯಾವತ್ತಾದ್ರೂ ಹಂಗೆ ಹೊಲಿದಿದ್ದೀಯಾ?

ಇಲ್ಲ, ಇನ್ನೂ ಇದೆ. ಅದಲ್ಲ ನಾನು ಮುಚ್ಚಿಟ್ಟಿದ್ದು. ಎಲ್ಲಾ ಮುಗಿದ್ಮೇಲೆ ಸಹಿ ಹಾಕಿಸ್ಕೊಳ್ಳೋಕೆ ಫಾರಂ ತಿರುಗಿಸಿದೆ. ಆವಾಗ ಕೇಳಿದ್ಳು. ಜಗಳಕ್ಕಲ್ಲ, ಮೆಲ್ಲಗೆ. 'ನಿಮ್ಮ ಮನೆ ಫಾರಂ ತುಂಬಿದ್ರಾ ಮೇಷ್ಟ್ರೇ? ಬದುಕಿರುವ ಮಕ್ಕಳು ಎಷ್ಟು ಅಂತ ಬರೆದ್ರಿ?'

ನಾನು ಎದ್ದೆ. ಕಾಲಿಗೆ ಬುದ್ಧಿ ಹೇಳ್ದೆ. ಐವತ್ತೈದು ವರ್ಷದೋನು, ಎರಡು ವರ್ಷದ ಮಗೂ ಬಾಯಿಂದ ಗುರುತಿನ ಚೀಟಿ ಕಿತ್ಕೊಂಡು ಓಡಿ ಬಂದೆ. ಮಗೂ ಅಳ್ತಾ ಇತ್ತು. ಬೀದಿ ಕೊನೇವರೆಗೂ ಕೇಳಿಸ್ತಿತ್ತು ನನಗೆ.

ಆ ಕಾಲಂ ನಮ್ಮದರಲ್ಲಿ ಇನ್ನೂ ಖಾಲಿ. ನಾನು ನಿನ್ನನ್ನ ಕೇಳಲೇ ಇಲ್ಲ ಅಲ್ವಾ. ನಿಯಮ ಅದು, ಹೆಂಗಸರ ಪ್ರಶ್ನೆ ಹೆಂಗಸರನ್ನೇ ಕೇಳ್ಬೇಕು. ಕೇಳ್ತೀನಿ. ಅಮ್ಮಾವ್ರೇ, ನೀವು ಹೆತ್ತ ಮಕ್ಕಳಲ್ಲಿ ಈಗ ಬದುಕಿರುವವರು...

ಅಳ್ಬೇಡ. ಅಳ್ಬೇಡ್ವೇ, ಇಲ್ನೋಡು, ಬರೆದೆ. ಒಂದು. ಅಂಕಿಯಲ್ಲೂ ಬರೆದೆ, ಅಕ್ಷರದಲ್ಲೂ ಬರೆದೆ. ಅಕ್ಷರದಲ್ಲಿ ಯಾರೂ ಕೇಳಿಲ್ಲ, ಆದ್ರೂ ಇರ್ಲಿ.

ಎಷ್ಟು ಗಂಟೆ? ಆರಾ? ಅವನು ಆರೂವರೆಗೆ ಬೇಕರಿಯಿಂದ ಬರ್ತಾನಂತೆ. ನೂರಾ ಹದಿನಾಲ್ಕರ ಫಾರಂಗೆ ಸಹಿ ಆಗಿಲ್ಲ. ಸಹಿ ಇಲ್ಲದ್ದು ನಾಳೆ ತಗೊಳ್ಳೋದಿಲ್ಲ, ಹೋಗ್ಲೇಬೇಕು. ನಾನೇನು ಮಣಿದು ಹೋಗ್ತಿಲ್ಲ, ತಿಳ್ಕೋ, ಕಚೇರಿ ಕೆಲಸ ಇದು. ನೀನ್ಯಾಕೆ ನಗ್ತೀಯ? ಚಪ್ಪಲಿ ಯಾಕೆ ಹಾಕ್ಕೋತಿದ್ದೀಯ? ಇವತ್ತು ಮಂಗಳವಾರ ಅಲ್ಲ, ಶುಕ್ರವಾರಾನೂ ಅಲ್ಲ... ಅಮ್ಮಾ! ನೀನೆಲ್ಲಿಗೆ? ನಿಧಾನ, ಕೈ ಹಿಡ್ಕೋ.

ನಮ್ಮನೆ ಫಾರಂ ಚೀಲಕ್ಕೆ ಹಾಕ್ಬೇಡ, ಮಡಿಚಿ ಕೊಡು ಇಲ್ಲಿ. ಜೇಬಲ್ಲಿ ಇಟ್ಕೋತೀನಿ. ಮೊದಲು ಇದನ್ನ ಅವಳ ಕೈಗೆ ಕೊಡ್ತೀನಿ. ಓದ್ಲಿ. ಸಹಿ ಆಮೇಲೆ ಕೇಳ್ತೀನಿ.